ಅಜ್ಜನ ಸೀಟಿನ ಕೆಳಗೆ

ಹೊಳೆಯ ದಂಡೆಯ ಮೇಲೊಂದು ಮಠ. ಮಠಕ್ಕೊಬ್ಬ ಗುರು, ಗುರುವಿಗೊಬ್ಬ ಶಿಷ್ಯ, ಇಬ್ಬರಿಗೂ ಸೇರಿ ಒಂದು ಹಳೆಯ ಕಾರು. ಗುರುವನ್ನು ಊರೆಲ್ಲ ಅಜ್ಜ ಎಂದು ಕರೆಯುತ್ತಿತ್ತು. ಶಿಷ್ಯ ಮುರಿಗೆಪ್ಪನೇ ಕಾರಿನ ಡ್ರೈವರ್.

ಒಂದು ಬೆಳಿಗ್ಗೆ ಮುರಿಗೆಪ್ಪ ಚಾವಿ ತಿರುವಿದಾಗ ಮೀಟರಿನಲ್ಲಿ ಕೆಂಪು ದೀಪವೊಂದು ಹತ್ತಿತು. ದಿನಾ ಹತ್ತಿ ಆರುವ ದೀಪ ಅದು. ಅವತ್ತು ಆರಲಿಲ್ಲ.

"ಅಜ್ಜಾರ, ಏರ್‌ಬ್ಯಾಗ್ ದೀಪ ಹತ್ತೇತ್ರೀ."

"ಹಂಗಂದ್ರ ಏನೋ?"

"ಗಾಡಿ ಎಲ್ಲ್ಯರ ಗುದ್ದಿದ್ರ ಒಂದು ಚೀಲ ಉಬ್ಬಿ ನಮ್ಮನ್ನ ಉಳಸ್ತೇತ್ರೀ. ಈಗ ಅದು ಉಬ್ಬೂದು ಖಾತ್ರಿ ಇಲ್ಲ ಅಂತ ದೀಪ ಹೇಳಾಕತ್ತೇತಿ."

"ಛಲೋ ದೀಪ. ಇದ್ದದ್ದು ಇದ್ದಂಗ ಹೇಳ್ತೇತಿ," ಎಂದು ಅಜ್ಜ ಪೂಜೆಗೆ ಹೋದರು.

ಮುರಿಗೆಪ್ಪ ದೀಪವನ್ನೇ ನೋಡುತ್ತ ಕೂತ. ನಾಡಿದ್ದು ಅಜ್ಜನ ಮೊಣಕಾಲು ತೋರಿಸಲು ದೊಡ್ಡಾಸ್ಪತ್ರೆಗೆ ಹೋಗಬೇಕು. ದಾರಿಯುದ್ದಕ್ಕೂ ಹೆದ್ದಾರಿ, ದಾರಿಯುದ್ದಕ್ಕೂ ಲಾರಿ. ಅಜ್ಜನಿಗೆ ಏನಾದರೂ ಆದರೆ ತಾನು ಉಳಿದು ಮಾಡುವುದೇನು?

ಊರಿನ ಮೆಕ್ಯಾನಿಕ್ ದಾವಲಸಾಬನನ್ನು ಕರೆತಂದ. ದಾವಲಸಾಬ ಕಾರಿಗೆ ಮಿಷಿನ್ ಸಿಕ್ಕಿಸಿ ನೋಡಿದ.

"ಎಡಗಡೆ ಮುಂದಿನ ಸೀಟ್ ತೋರಸಾಕತ್ತೇತ್ರೀ. ಅದರ ಕೆಳಗ ವೈರ್ ನೋಡಬೇಕು."

"ಅದು ಅಜ್ಜಾರ ಸೀಟು. ಯಾರೂ ಮುಟ್ಟೂ ಹಂಗಿಲ್ಲ. ಬ್ಯಾರೆ ಕಡೆ ನೋಡು."

ದಾವಲಸಾಬ ಬೇರೆ ಕಡೆ ನೋಡಿದ. ಫ್ಯೂಸ್ ನೋಡಿದ, ಬ್ಯಾಟರಿ ನೋಡಿದ, ಸ್ಟಿಯರಿಂಗ್ ನೋಡಿದ. ಕೊನೆಗೆ ಮಿಷಿನ್ನಿನಲ್ಲೇ ದೀಪ ಆರಿಸಿಕೊಟ್ಟ. ಕಾರು ಮಠದ ಬಾಗಿಲು ದಾಟುವುದರೊಳಗೆ ಅದು ಮತ್ತೆ ಹತ್ತಿತು.

ಮುರಿಗೆಪ್ಪ ಮೀಟರಿಗೆ ವಿಭೂತಿ ಹಚ್ಚಿದ. ವಿಭೂತಿಯ ಹಿಂದೆಯೂ ಅದು ಕೆಂಪಗೆ ಕಾಣುತ್ತಿತ್ತು.

"ನಿನ್ನ ಮಿಷಿನ್ ಸುಳ್ಳು ಹೇಳ್ತೇತೇನೋ?"

"ಮಿಷಿನ್ ಖರೇನ ಹೇಳೇತ್ರೀ. ನೀವ ಕೇಳವಲ್ರಿ," ಎಂದ ದಾವಲಸಾಬ, ಪಾನಾ, ಮಿಷಿನ್ ಎಲ್ಲ ಎತ್ತಿಟ್ಟುಕೊಂಡು ಹೊರಟುಹೋದ.

ಸಂಜೆ ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಮುರಿಗೆಪ್ಪ ಬಂದು ನಿಂತ.

"ತಲಿ ಕೆಟ್ಟು ಮೊಸರಗಡಿಗಿ ಆಗೇತ್ರೀ ಅಜ್ಜಾರ. ಎಲ್ಲಾ ನೋಡಿದ್ವಿ. ಎಲ್ಲೂ ಏನೂ ಕೆಟ್ಟಿಲ್ಲ. ದೀಪ ಮಾತ್ರ ಆರವಲ್ದು."

"ಎಲ್ಲಾ ನೋಡಿದ್ರ್ಯಾ?"

"ನೋಡಿದ್ವಿರೀ. ನಿಮ್ಮ ಸೀಟೊಂದು ಬಿಟ್ಟು."

"ಅದನ್ಯಾಕ ಬಿಟ್ಟಿ?"

"ನೀವು ಕುಂದ್ರೂ ಜಾಗಾದಾಗ ದೋಷ ಹ್ಯಾಂಗ ಇರ್ತೇತ್ರೀ?"

ಅಜ್ಜ ಮೊಣಕಾಲು ಹಿಡಿದುಕೊಂಡು ಎದ್ದರು. ಕಾರಿನ ಎಡಬಾಗಿಲು ತೆಗೆದು, ಸೀಟಿನ ಮೇಲೆ ಹಾಸಿದ್ದ ಕಾವಿ ಬಟ್ಟೆ ಎಳೆದು ಹೆಗಲಿಗೆ ಹಾಕಿಕೊಂಡರು.

"ಬಗ್ಗು."

"ಅಜ್ಜಾರ, ನಾ ಹ್ಯಾಂಗ..."

"ನಮಸ್ಕಾರ ಮಾಡಾಕ ದಿನಾ ಬಗ್ಗತಿ. ಇವತ್ತು ನೋಡಾಕ ಬಗ್ಗು."

ಮುರಿಗೆಪ್ಪ ಬಗ್ಗಿ ಟಾರ್ಚ್ ಬೆಳಕು ಬಿಟ್ಟ. ಉತ್ತತ್ತಿ, ಕಲ್ಲುಸಕ್ಕರೆ, ಒಣಗಿದ ಹೂವು, ಬೂಸಲು ಹಿಡಿದ ಕೊಬ್ಬರಿ. ಭಕ್ತರು ಕಿಟಕಿಯಿಂದ ಅಜ್ಜನ ಉಡಿಗೆ ಹಾಕಿದ್ದರಲ್ಲಿ ಜಾರಿದ್ದೆಲ್ಲ ಅಲ್ಲಿ ಸೇರಿತ್ತು. ಅಜ್ಜನ ಸೀಟೆಂದು ಯಾರೂ ಕಸಬರಿಗೆ ಆಡಿಸಿರಲಿಲ್ಲ. ಕಸದ ನಡುವೆ ಇಲಿಯೊಂದು ಶಾಲಿನ ಚೂರುಗಳನ್ನು ಒಟ್ಟಿ ಮರಿ ಹಾಕಿತ್ತು. ಪಕ್ಕದಲ್ಲಿ ಹಳದಿ ವೈರಿನ ಸಿಪ್ಪೆ ಸುಲಿದು ತಾಮ್ರ ಕಾಣುತ್ತಿತ್ತು.

ಮುರಿಗೆಪ್ಪ ಅಲ್ಲೇ ನೆಲಕ್ಕೆ ಕುಸಿದು ಕೂತ. ಅವನಿಗೆ ಅಳು ಬಂತು.

"ಭಕ್ತಿಯಿಂದ ಬಿಟ್ಟ ಜಾಗಾರೀ ಅದು. ಅಲ್ಲೇ ಇಲಿ ಮನಿ ಮಾಡೇತಲ್ರೀ."

"ಪಾಪ, ಅದಕ್ಕೂ ಯಾರೂ ಇಣುಕದ ಜಾಗಾನ ಬೇಕಾಗಿತ್ತು."

ಮರುದಿನ ದಾವಲಸಾಬ ಮತ್ತೆ ಬಂದ. ಚೀಲ ಅಚಾನಕ್ ಉಬ್ಬದಿರಲೆಂದು ಮೊದಲು ಬ್ಯಾಟರಿಯ ವೈರ್ ಬಿಚ್ಚಿ, ಒಂದು ಚಹಾ ಕುಡಿಯುವಷ್ಟು ಹೊತ್ತು ಕಾದು, ಆಮೇಲೆ ಸೀಟು ಎತ್ತಿದ. ಮರಿಗಳನ್ನು ಗೂಡಿನ ಸಮೇತ ಹಿತ್ತಲಲ್ಲಿಟ್ಟು, ಇಲಿ ಕಡಿದ ವೈರ್ ತೆಗೆದು ಹೊಸದು ಹಾಕಿದ. ಬ್ಯಾಟರಿ ಜೋಡಿಸಿ ಚಾವಿ ತಿರುವಿದರೆ ದೀಪ ಹತ್ತಿತು, ಆರಿತು.

ಮುರಿಗೆಪ್ಪನಿಗೆ ಹೋದ ಜೀವ ಬಂದಂತಾಯಿತು. ಸೀಟನ್ನು ಒರೆಸಿ, ಕಾವಿ ಬಟ್ಟೆ ಒಗೆದು ಹಾಸಿ, ಅಜ್ಜನ ಕಾಲಿಗೆ ಬಿದ್ದ.

"ಇನ್ನ ಮ್ಯಾಲ ದಿನಾ ನೋಡ್ತೀನ್ರೀ ಅಜ್ಜಾರ. ಸೀಟಿನ ಕೆಳಗ ಒಂದು ಇರುವಿನೂ ಬಿಡೂದಿಲ್ಲ."

ಅಜ್ಜ ಅವನ ಗದ್ದ ಹಿಡಿದು ಮುಖ ಮೇಲೆತ್ತಿದರು.

"ಸೀಟಿನ ಕೆಳಗ ನೋಡ್ತಿ, ಛಲೋ ಆತು. ಅದರ ಮ್ಯಾಲ ಕುಂದ್ರಾವನ್ನ ಯಾವಾಗ ನೋಡ್ತಿ?"