ಕಪ್ಪಿನ ಮೇಲೆ ಕಪ್ಪು

"ಗುರುಗಳೇ, ಪ್ರೋಗ್ರಾಂ ಬರೆಯುವ ನನ್ನ ಎಡಿಟರಿನ ಬಣ್ಣಗಳನ್ನು ಹೊಂದಿಸುವುದಕ್ಕೆ ಹತ್ತು ದಿನ ಹಿಡಿಯಿತು. ಈಗ ಬೇಡದ್ದು ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಜೊತೆಯವರು ಇದನ್ನು ಸೋಮಾರಿಯ ಶೃಂಗಾರ ಅನ್ನುತ್ತಾರೆ. ನಾನು ಮಾಡಿದ್ದು ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಗಿರಣಿಯಲ್ಲಿ ಸರಕು ಸಾಗಿಸುವ ಲಿಫ್ಟ್ ಇತ್ತು. ಅದನ್ನು ನಡೆಸುವ ಪ್ರೋಗ್ರಾಂ ಬರೆದವನು ಒಬ್ಬ ಹಿರಿಯ. ಕೆಲಸ ಬಿಡುವ ದಿನ ಅವನು ತನ್ನ ಜಾಗಕ್ಕೆ ಬಂದ ಪ್ರೋಗ್ರಾಮರನಿಗೆ ಹೇಳಿದ: "ಏನು ಮಾಡಬೇಕು ಅನ್ನುವುದು ಯಂತ್ರಕ್ಕೆ ಗೊತ್ತು. ಯಾಕೆ ಅನ್ನುವುದನ್ನು ಪ್ರೋಗ್ರಾಂ ಸಾಲುಗಳ ನಡುವಿನ ಟಿಪ್ಪಣಿಗಳಲ್ಲಿ ಬರೆದಿದ್ದೇನೆ. ಓದಿಕೊಳ್ಳಪ್ಪ."

"ಯಂತ್ರವೇ ಓದದೆ ದಾಟಿ ಹೋಗುವ ಸಾಲುಗಳನ್ನು ನಾನು ಯಾಕೆ ಓದಲಿ, ಸ್ವಾಮಿ?" ಎಂದು ಪ್ರೋಗ್ರಾಮರ್ ನಕ್ಕ.

ಅವನ ಎಡಿಟರ್ ಅಚ್ಚುಕಟ್ಟಾಗಿತ್ತು. ಆಜ್ಞೆಗಳು ನೀಲಿ, ಅಂಕಿಗಳು ಕಿತ್ತಳೆ, ಹಿನ್ನೆಲೆ ಕಪ್ಪು. ಟಿಪ್ಪಣಿಗಳಿಗೂ ಅವನು ಕಪ್ಪನ್ನೇ ಕೊಟ್ಟ. ಅವು ಕಡತದಲ್ಲಿ ಇದ್ದವು. ಪರದೆಯ ಮೇಲೆ ಇರಲಿಲ್ಲ.

ಆ ಲಿಫ್ಟಿನ ಉಕ್ಕಿನ ಹಗ್ಗಕ್ಕೆ ದಿನವೂ ಒಬ್ಬ ಕೆಲಸಗಾರ ಗ್ರೀಸ್ ಹಚ್ಚುತ್ತಿದ್ದ. ಹಚ್ಚಿ ಮುಗಿದಾಗ ಎರಡು ಬಾರಿ ಗಂಟೆ ಒತ್ತುತ್ತಿದ್ದ. ಆಮೇಲೂ ಲಿಫ್ಟ್ ನಲವತ್ತು ಸೆಕೆಂಡು ಸುಮ್ಮನೆ ನಿಲ್ಲುತ್ತದೆ, ಸರಕು ಕಾಯುತ್ತದೆ ಎಂದು ಗಿರಣಿಯವರು ದೂರಿದರು. ಪ್ರೋಗ್ರಾಮರ್ ಹುಡುಕಿದ. ನಿಲ್ಲುವುದಕ್ಕೆ ಕಾರಣ ಎಲ್ಲೂ ಕಾಣಲಿಲ್ಲ. ಕಿತ್ತಳೆ ಬಣ್ಣದ ನಲವತ್ತನ್ನು ಅಳಿಸಿ ಎರಡು ಎಂದು ಬರೆದ.

ಮರುದಿನ ಗಡಿಯಾರ ಹಿಡಿದು ಕೆಳಗೆ ನಿಂತ. ಮೇಲಿನಿಂದ ಗಂಟೆ ಎರಡು ಬಾರಿ ಕೇಳಿಸಿತು. ಒಂದು, ಎರಡು ಎಂದು ಎಣಿಸಿದ. ಲಿಫ್ಟ್ ಹೊರಟಿತು. ಅವನಿಗೆ ಸಂತೋಷವಾಯಿತು. ಆಮೇಲೆ ಕೂಗು ಕೇಳಿಸಿತು. ಲಿಫ್ಟ್ ನಿಲ್ಲಿಸುವಷ್ಟರಲ್ಲಿ ಕೂಗೂ ನಿಂತಿತ್ತು.

ಕೆಲಸಗಾರ ಬದುಕಿದ. ಅವನ ಬಲಗಾಲು ಉಳಿಯಲಿಲ್ಲ.

ವಿಚಾರಣೆಯಲ್ಲಿ ಪ್ರೋಗ್ರಾಮರ್ ತನ್ನ ಪರದೆ ತೋರಿಸಿದ. ಎಚ್ಚರಿಕೆಯ ಒಂದು ಸಾಲೂ ಇರಲಿಲ್ಲ ಎಂದು ಆಣೆ ಮಾಡಿದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಗಿರಣಿಯ ಗುಮಾಸ್ತ ಅದೇ ಕಡತವನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದ. ಅಲ್ಲಿ ಬಣ್ಣಗಳಿರಲಿಲ್ಲ, ಬಿಳಿಯ ಮೇಲೆ ಕಪ್ಪು ಅಕ್ಷರ ಅಷ್ಟೇ. ತಿದ್ದಿದ ಅಂಕಿಯ ಮೇಲಿದ್ದ ಸಾಲುಗಳನ್ನು ಗುಮಾಸ್ತ ಎಲ್ಲರಿಗೂ ಕೇಳುವಂತೆ ಓದಿದ. ಗಂಟೆಯ ಗುಂಡಿ ಇರುವುದು ಲಿಫ್ಟಿನ ಚಾವಣಿಯ ಮೇಲೆ. ಅದನ್ನು ಒತ್ತಿದ ಮೇಲೆಯೇ ಮನುಷ್ಯ ಇಳಿಯಲು ಸಾಧ್ಯ. ಈ ಅಂಕಿಯನ್ನು ಮುಟ್ಟಬೇಡಿ.

ಗುರು ಕತೆ ನಿಲ್ಲಿಸಿದರು. ಹತ್ತು ದಿನ ಹೋದದ್ದಕ್ಕೆ ತಮ್ಮ ತಕರಾರಿಲ್ಲ ಎಂದರು. ಶಿಷ್ಯನ ತೊಡೆಯ ಮೇಲೆ ಮುಚ್ಚಿದ್ದ ಲ್ಯಾಪ್‌ಟಾಪಿನ ಕಡೆ ನೋಡಿದರು.

"ತೆರೆ. ನಿನಗಿಂತ ಮೊದಲಿದ್ದವರು ಬರೆದಿಟ್ಟ ಒಂದು ಟಿಪ್ಪಣಿಯನ್ನು ಓದಿ ಹೇಳು."

ಶಿಷ್ಯನ ಕೈ ಮುಚ್ಚಳದ ಮೇಲೆಯೇ ಉಳಿಯಿತು.