ಗುಬ್ಬಿಯ ವಾದ

ಹಳೆಯ ವಾಚನಾಲಯದ ಕಪಾಟಿನಲ್ಲಿ ಗೆದ್ದಲ ದಂಡೊಂದು ಕಾದಂಬರಿಯೊಂದನ್ನು ಮುತ್ತಿತು. ಕಿಟಕಿಯಲ್ಲಿ ಕುಳಿತಿದ್ದ ಗಿಳಿ ಹಾರಿಬಂದು ಅಡ್ಡ ನಿಂತಿತು.

"ನಿಲ್ಲಿ! ಇದು ಅಮೋಘ ಕೃತಿ, ಅನನ್ಯ ಕೃತಿ, ಯುಗಪ್ರವರ್ತಕ ಕೃತಿ!"

ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. "ಕೇಳಿದಿರಾ? ನಾನು ಹೇಳಿದ್ದು ಸತ್ಯವೆಂದು ಹಲ್ಲಿಯೇ ನುಡಿಯಿತು" ಎಂದು ಗಿಳಿ ಬೀಗಿತು.

ಗೆದ್ದಲ ಯಜಮಾನ ನಕ್ಕ. "ನಿನ್ನೆ ನಾವು ತಿಂದ ಪುಸ್ತಕಕ್ಕೂ ನೀವು ಇದೇ ಮಾತು ಹೇಳಿದ್ದಿರಿ. ಅದು ಬಲು ರುಚಿಯಾಗಿದೆ ಎಂದು ನಾನಂದಾಗಲೂ ಹಲ್ಲಿ ಲೊಚಗುಟ್ಟಿತ್ತು. ಮಕ್ಕಳೇ, ಬಾಯಿ ಹಾಕಿ!"

ಆಗ ತೊಲೆಯ ಮೇಲಿದ್ದ ಗುಬ್ಬಿ ಕೆಳಗಿಳಿದು ಬಂತು.

"ಯಜಮಾನರೇ, ನಿಮ್ಮ ಕಾಲಡಿಯ ಪುಟದಲ್ಲಿ ಹೊಳೆ ಉಕ್ಕಿ ಹರಿಯುತ್ತಿದೆ. ಆಚೆ ದಡದಲ್ಲಿ ಸಿಕ್ಕಿಬಿದ್ದ ತಮ್ಮನನ್ನು ಕರೆತರಲು ಹುಡುಗಿಯೊಬ್ಬಳು ಒಂಟಿಯಾಗಿ ಹರಿಗೋಲು ಹತ್ತಿದ್ದಾಳೆ. ನಡುನೀರಿನಲ್ಲಿ ಹುಟ್ಟು ಕೈಜಾರಿ ತೇಲಿಹೋಯಿತು. ಆಗ ಅವಳು..."

ಗುಬ್ಬಿ ಸುಮ್ಮನಾಯಿತು. ದಂಡು ನಿಂತಲ್ಲೇ ನಿಂತಿತು. ಹಲ್ಲಿ ಕೂಡ ಲೊಚಗುಟ್ಟಲು ಮರೆಯಿತು.

"ಆಗ ಅವಳು ಏನು ಮಾಡಿದಳು?" ಎಂದು ಯಜಮಾನ ಕೇಳಿದ.

"ಅದು ಮುಂದಿನ ಪುಟದಲ್ಲಿದೆ, ಸ್ವಾಮಿ. ಆ ಪುಟದ ಅಂಚು ಈಗ ನಿಮ್ಮ ಮೊಮ್ಮಗನ ಬಾಯಲ್ಲಿದೆ."

ಯಜಮಾನ ಗಕ್ಕನೆ ತಿರುಗಿ ಕೂಗಿದ: "ಲೋ, ಉಗುಳೋ! ಮೊದಲು ಉಗುಳು!"