ಕೇಳಿಸದ ಸಾಲು

ವರದಾ ಹೊಳೆಯ ದಡದಲ್ಲೊಂದು ಕಾಲೇಜು. ಅಲ್ಲಿ ಮೊದಲ ವರ್ಷದವರಿಗೆ ಬರೆಯುವುದನ್ನು ಕಲಿಸುತ್ತಿದ್ದವರು ಚೆನ್ನವೀರಯ್ಯ ಗುರುಗಳು. ತರಗತಿಗೆ ಬಂದೊಡನೆ ಮಕ್ಕಳಿಂದ ಪೆನ್ನಿನ ಜೊತೆಗೆ ಮೊಬೈಲನ್ನೂ ಹೊರಗೆ ತೆಗೆಸುತ್ತಿದ್ದರು.

"ಬರದದ್ದನ್ನ ಓದಿ ರೆಕಾರ್ಡ್ ಮಾಡ್ರಿ. ಆಮ್ಯಾಲ ಕಣ್ಣು ಮುಚ್ಚಿ ಕೇಳ್ರಿ. ಸುಳ್ಳು ಬಂದಲ್ಲಿ ಕಣ್ಣು ದಾಟಿ ಹೋಗ್ತದ, ಕಿವಿ ಎಡವತದ."

ಬರೆಯಲು ಮೊಬೈಲ್ ಯಾಕೆ ಎಂದು ಮೂಗು ಮುರಿದವರು ಬಹಳ. ಗುರುಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರತಿಯೊಬ್ಬರ ಮೊದಲ ಪ್ರಬಂಧ ಅವರದೇ ದನಿಯಲ್ಲಿ ಮನೆಗೆ ಹೋಗಬೇಕೆಂಬುದು ಅವರ ಪದ್ಧತಿ. ಅಕ್ಷರ ಬಾರದ ತಾಯಂದಿರು ಮಕ್ಕಳು ಬರೆದದ್ದನ್ನು ಕೇಳಿಯಾದರೂ ತಿಳಿಯಲಿ ಎಂದು.

ಆ ವರ್ಷ ಫಕ್ಕೀರೇಶ ಎಂಬ ಶಿಷ್ಯ, ಹೊಳೆಯ ಪಾಲಾದ ತನ್ನ ಅಣ್ಣನ ಬಗ್ಗೆ ಬರೆದ. ಚೆನ್ನಾಗಿಯೇ ಬರೆದಿದ್ದ. ಗುರುಗಳು ಓದಿ ತಲೆದೂಗಿದರು.

"ರೆಕಾರ್ಡ್ ಮಾಡಿ ತಾ. ಸಂಜೀಕ ನಿಮ್ಮವ್ವಗ ಕಳಸೋಣು."

ಸಂಜೆ ಫಕ್ಕೀರೇಶ ಓಡಿ ಬಂದ.

"ಗುರುಗಳ, ಮೊಬೈಲ್ ಕೆಟ್ಟೈತ್ರಿ. ನಡುವ ಒಂದು ಸಾಲು ಕೇಳಸವಲ್ದು."

ಗುರುಗಳು ರೆಕಾರ್ಡ್ ಹಚ್ಚಿ ಕೇಳಿದರು. ಅಣ್ಣ ಸೈಕಲ್ ಕಲಿಸಿದ್ದು, ಅಂದಿನ ಬಿಸಿಲು, ಜನ ಓಡಿ ಬಂದದ್ದು, ಎಲ್ಲ ಸ್ವಚ್ಛವಾಗಿತ್ತು. 'ಆಗ ನಾನು ಮನೆಯಲ್ಲಿದ್ದೆ' ಎಂಬ ಸಾಲು ಬರಬೇಕಾದಲ್ಲಿ ಮಾತ್ರ ದನಿಯಿಲ್ಲ. ಅಲ್ಲಿ ನೀರು ಹರಿಯುವ ಸದ್ದಿತ್ತು.

"ಎಲ್ಲಿ ಕುಂತು ಓದಿದಿ?"

"ನನ್ನ ಖೋಲ್ಯಾಗ್ರಿ. ಬಾಗ್ಲಾ ಕಿಟಕಿ ಎಲ್ಲಾ ಹಾಕಿದ್ದೆ. ಮೂರು ಸಲ ಓದೀನ್ರಿ, ಮೂರೂ ಸಲ ಹಿಂಗ."

"ನನ್ನ ಮುಂದ ಓದು."

ಗುರುಗಳು ತಮ್ಮದೇ ಮೊಬೈಲ್ ಹಿಡಿದರು. ಫಕ್ಕೀರೇಶ ಆ ಸಾಲನ್ನು ಒತ್ತಿ ಒತ್ತಿ ಓದಿದ. ಗುರುಗಳ ಕಿವಿಗೆ ಅದು ಸರಿಯಾಗಿಯೇ ಬಿತ್ತು.

ಹಚ್ಚಿದರೆ ಮತ್ತೆ ನೀರು. ಈ ಸಲ ಇನ್ನೂ ಹತ್ತಿರದಲ್ಲಿ. ಹೇಳುವ ನನಗೇ ಮೈ ನಡುಗುತ್ತದೆ, ಆ ಹುಡುಗನ ಪಾಡು ಕೇಳಬೇಕೆ.

ಗುರುಗಳು ಮೊಬೈಲನ್ನು ಬಾಯಿಯ ಬಳಿ ಹಿಡಿದು ತಾವೇ ಹೇಳಿದರು: "ಆಗ ನಾನು ಮನೆಯಲ್ಲಿದ್ದೆ."

ಹಚ್ಚಿದರು. ಒಂದೊಂದು ಅಕ್ಷರವೂ ಕೇಳಿಸಿತು.

"ಇದ್ಹೆಂಗ್ರಿ ಗುರುಗಳ?"

"ನಾ ಅವತ್ತು ಖರೇನ ಮನ್ಯಾಗ ಇದ್ದೆ."

ಫಕ್ಕೀರೇಶ ಕೈಯಲ್ಲಿದ್ದ ಹಾಳೆಯನ್ನು ಕೆಳಗಿಟ್ಟ. ಬಾಯಿ ಬಿಟ್ಟ.

"ನಾನ ಅವನ್ನ ಹೊಳೀಗೆ ಕರದೆ ರೀ. ಸುಳಿ ಐತಿ, ಬ್ಯಾಡ ಅಂದ. ಅಂಜಬುರಕ ಅಂತ ನಕ್ಕೆ. ಇಳದುಬಿಟ್ಟ."

"ಬರಿ" ಎಂದರು ಗುರುಗಳು.

ಅವನು ಆ ಸಾಲನ್ನು ಹೊಡೆದುಹಾಕಿ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದ. ಓದಿ ರೆಕಾರ್ಡ್ ಮಾಡಿದ. ಹಚ್ಚಿದರೆ ಒಂದು ಮಾತೂ ತಪ್ಪಿರಲಿಲ್ಲ. ನೀರಿನ ಸದ್ದೂ ಇರಲಿಲ್ಲ.

"ಕಳಸ್ಲೇನು?"

ಫಕ್ಕೀರೇಶ ಗುರುಗಳ ಕೈ ಹಿಡಿದುಕೊಂಡ. "ಬ್ಯಾಡ್ರೀ. ಅವ್ವಗ ಇದು ಗೊತ್ತಿಲ್ಲ. ಗೊತ್ತಾದ್ರ ಜನ್ಮದಾಗ ನನ್ನ ಮಾರಿ ನೋಡಂಗಿಲ್ಲ."

ಗುರುಗಳು ಅವನ ಕೈ ಬಿಡಿಸಲಿಲ್ಲ.

"ನಿನ್ನ ಕಾಲೇಜಿಗೆ ಹಚ್ಚಾಕ ಬಂದಾಗ ನಿಮ್ಮವ್ವ ನನಗ ಹೇಳಿದ್ದು ಇಷ್ಟ: 'ನಾನ ಕರದೆ, ನಾನ ಕರದೆ ಅಂತ ದಿನಾ ನಿದ್ದ್ಯಾಗ ಬಡಬಡಸ್ತಾನ್ರಿ. ಎಚ್ಚರಿದ್ದಾಗ ಹೇಳೂದೊಂದು ಕಲಸ್ರಿ.'"